ತುಟಿಯ ಅಂಚಿನ ಗೆರೆ

ನೆಲಮಂಗಲ ತಾಲ್ಲೂಕಿನ ಸೋಂಪುರದ ಸುತ್ತಿನ ಸೀಮೆಯಲ್ಲಿ 'ಕುರುಕ್ಷೇತ್ರ' ನಾಟಕವನ್ನಾಡುವ ರೂಢಿ ಇಂದಿಗೂ ಉಂಟು. ರಾತ್ರಿ ಆರಂಭವಾದ ಆಟ ಬೆಳಗಿನವರೆಗೂ ನಡೆಯುತ್ತದೆ. ದೀಪಗಳ ಶಾಖ, ತಾರಸ್ಥಾಯಿಯ ಕಂದಪದ್ಯಗಳು, ನಡುನಡುವೆ ಕುಡಿಯುವ ಚಹ, ಇವೆಲ್ಲವನ್ನೂ ದ್ರೌಪದಿಯ ತುಟಿಯ ಬಣ್ಣ ತಾಳಿಕೊಳ್ಳಬೇಕು. ತಾಳದಿದ್ದರೆ ಅದು ಅಂಚನ್ನು ದಾಟಿ ಸಣ್ಣ ಸಣ್ಣ ಕೆಂಪು ಎಳೆಗಳಾಗಿ ಹರಡಿಕೊಳ್ಳುತ್ತದೆ. ಇದನ್ನು ತಡೆಯಲು ಬಣ್ಣ ಹಚ್ಚುವುದಕ್ಕೆ ಮುಂಚೆ ತುಟಿಯ ಅಂಚಿಗೆ ಒಂದು ಮೇಣದ ಪೆನ್ಸಿಲಿನಿಂದ ಗೆರೆಯೆಳೆಯುವುದುಂಟು. ಅಂಗಡಿಗಳಲ್ಲಿ ಅದಕ್ಕೆ ಲಿಪ್ ಲೈನರ್ ಎಂದು ಹೆಸರು. ಕಾಲೇಜಿನ ವಾರ್ಷಿಕೋತ್ಸವಕ್ಕೆ ಸಿದ್ಧರಾಗುವ ವಿದ್ಯಾರ್ಥಿನಿಯರೂ ಇದನ್ನು ಬಲ್ಲರು. ಆದರೆ ಆ ಗೆರೆ ಮಾಡುವ ಕೆಲಸವೇನು?

ತುಟಿಯ ಬಣ್ಣದ ಕಡ್ಡಿಯಲ್ಲಿ ಮೇಣ, ಎಣ್ಣೆ ಮತ್ತು ವರ್ಣದ್ರವ್ಯಗಳಿರುತ್ತವೆ. ಎಣ್ಣೆಯು ಅನೇಕ ವೇಳೆ ನಮಗೆ ಚಿರಪರಿಚಿತವಾದ ಹರಳೆಣ್ಣೆಯೇ. ರಾಗಿಹೊಲದ ಅಕ್ಕಡಿ ಸಾಲಿನಲ್ಲಿ ನಿಂತ ಹರಳುಗಿಡವನ್ನು ಕಂಡಾಗ ಇದು ಯಾರಿಗೆ ತಾನೆ ಹೊಳೆದೀತು! 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಹರಳೆಣ್ಣೆಯ ಸ್ನಿಗ್ಧತೆ ನೀರಿನದಕ್ಕಿಂತ ಸುಮಾರು 700 ಪಟ್ಟು ಹೆಚ್ಚು. ಉಷ್ಣತೆ 40 ಡಿಗ್ರಿಗೇರಿದರೆ ಈ ಸ್ನಿಗ್ಧತೆ ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ. ಮೈಶಾಖ, ದೀಪದ ಶಾಖಗಳಿಗೆ ಬಣ್ಣವು ಸಡಿಲವಾಗುವುದು ಹೀಗೆ.

ಸಡಿಲವಾದ ಎಣ್ಣೆಯನ್ನು ಎಳೆದೊಯ್ಯುವುದು ಕೇಶಾಕರ್ಷಣ. ತುಟಿಯಂಚಿನ ಚರ್ಮದಲ್ಲಿ ಕೂದಲೆಳೆಯಷ್ಟು ಕಿರಿದಾದ ಗೀರುಗಳಿವೆ. ದೀಪದ ಬತ್ತಿ ಎಣ್ಣೆಯನ್ನೇರಿಸುವಂತೆ ಅವು ಬಣ್ಣವನ್ನು ಹೊರಕ್ಕೆ ಸೆಳೆಯುತ್ತವೆ. ಇಂಥ ಹರಿವಿನ ನಿಯಮವನ್ನು ವಾಷ್‌ಬರ್ನ್ ಎಂಬಾತ 1921ರಲ್ಲಿ ನಿರೂಪಿಸಿದನು. ದ್ರವವು ಸಾಗುವ ದೂರವು ಕಾಲದ ವರ್ಗಮೂಲಕ್ಕೆ ಅನುಗುಣವಾಗಿರುತ್ತದೆ. ಒತ್ತುಕಾಗದದ ಪಟ್ಟಿಯ ತುದಿಯನ್ನು ಹರಳೆಣ್ಣೆಯಲ್ಲಿ ಅದ್ದಿ ಕಾದು ನೋಡಿ: 1 ಸೆಂಟಿಮೀಟರಿಗೆ ಹಿಡಿದ ಕಾಲದ ಸುಮಾರು ನಾಲ್ಕರಷ್ಟು ಕಾಲ 2 ಸೆಂಟಿಮೀಟರಿಗೆ ಹಿಡಿದೀತು. ಎಂದರೆ ಬಣ್ಣದ ಓಟ ಬಿರುಸಾಗಿರುವುದು ಮೊದಲಿನಲ್ಲಿಯೇ. ಗೆರೆಯನ್ನು ಬಣ್ಣಕ್ಕಿಂತ ಮುಂಚೆಯೇ ಎಳೆಯಬೇಕೆನ್ನುವುದು ಇದಕ್ಕಾಗಿ. ಹರಡಿದ ಮೇಲೆ ಎಳೆದ ಗೆರೆ ಮಡೆ ಒಡೆದ ಮೇಲೆ ಹಾಕಿದ ಬದುವಿನಂತೆ.

ಪೆನ್ಸಿಲಿನಲ್ಲಿ ಎಣ್ಣೆ ಕಡಿಮೆ, ಮೇಣ ಮತ್ತು ವರ್ಣದ್ರವ್ಯ ಹೆಚ್ಚು. ಜೇನುಮೇಣ ಸುಮಾರು 63 ಡಿಗ್ರಿಯಲ್ಲಿ ಕರಗಿದರೆ, ಬ್ರೆಜಿಲ್ ದೇಶದ ತಾಳೆಯೊಂದರಿಂದ ದೊರೆಯುವ ಕಾರ್ನೂಬಾ ಮೇಣಕ್ಕೆ 80 ಡಿಗ್ರಿಗೂ ಹೆಚ್ಚು ಬೇಕು. ಮೈಶಾಖಕ್ಕೆ ಇವು ಕರಗವು. ಅವು ಗೀರುಗಳೊಳಕ್ಕೆ ಕುಳಿತು ದಾರಿಯನ್ನೇ ಮುಚ್ಚುತ್ತವೆ.

ಆದುದರಿಂದ ತುಟಿಯನ್ನು ಮೊದಲು ಒಣಗಿಸಿ, ಎಣ್ಣೆಯ ಪಸೆಯಿದ್ದರೆ ಒರೆಸಿ, ಚೂಪಾದ ಪೆನ್ಸಿಲಿನಿಂದ ಮೇಲ್ತುಟಿಯ ನಡುವಿನ ಕೊಂಕಿನಿಂದ ಆರಂಭಿಸಿ ಗಿಡ್ಡ ಗಿಡ್ಡ ಗೆರೆಗಳನ್ನು ಜೋಡಿಸಬೇಕು. ಗೆರೆ ತುಟಿಯ ಅಂಚಿನಲ್ಲಿಯೇ ಇರಲಿ. ಅಂಚಿನಾಚೆಯ ಚರ್ಮದಲ್ಲಿ ಬೆವರಿನ ಗ್ರಂಥಿಗಳೂ ಜಿಡ್ಡಿನ ಗ್ರಂಥಿಗಳೂ ಇರುವುದರಿಂದ ಅಲ್ಲಿ ಗೆರೆ ಬಹುಕಾಲ ನಿಲ್ಲದು. ಅದೇ ಪೆನ್ಸಿಲಿನಿಂದ ತುಟಿಯನ್ನೆಲ್ಲ ತೆಳುವಾಗಿ ತುಂಬಿದರೆ ಮೇಲಿನ ಬಣ್ಣ ಅಳಿದರೂ ಕೆಳಗಿನದು ಉಳಿಯುತ್ತದೆ. ಬಳಿಕ ಬಣ್ಣ ಹಚ್ಚಿ, ತೆಳುಕಾಗದವನ್ನು ತುಟಿಗಳ ನಡುವೆ ಒತ್ತಬೇಕು. ಹೆಚ್ಚಿನ ಎಣ್ಣೆಯನ್ನು ಹೀರುವುದೂ ಕೇಶಾಕರ್ಷಣವೇ. ಕೆಡಿಸುವ ಬಲವೇ ಇಲ್ಲಿ ಸಹಾಯಕ್ಕೆ ಬರುತ್ತದೆ! ಎಣ್ಣೆಯಲ್ಲಿ ಕರಿದ ಬೋಂಡದ ಮುಂದೆ ಮಾತ್ರ ಇಂಥ ಬಣ್ಣ ಸೋಲುತ್ತದೆ, ಏಕೆಂದರೆ ಎಣ್ಣೆಯ ಬಣ್ಣ ಎಣ್ಣೆಯಲ್ಲಿಯೇ ಸಡಿಲಗೊಳ್ಳುತ್ತದೆ.

ಇಷ್ಟು ಹೊತ್ತು ತುಟಿಯ ಮೇಲಿರುವ ಪದಾರ್ಥದಲ್ಲಿ ಸ್ವಲ್ಪ ಭಾಗ ಹೊಟ್ಟೆಗೂ ಸೇರುವುದು ಖಂಡಿತ. ಹಿಂದೆ ವೇಷದ ಕೆಂಪಿಗೆ ಬಳಕೆಯಲ್ಲಿದ್ದ ಇಂಗಳೀಕವು ಪಾದರಸದ ಸಲ್ಫೈಡು. ಸೌಂದರ್ಯಸಾಧನಗಳ ಬಣ್ಣಕ್ಕಾಗಿ ಸೀಸ ಮತ್ತು ಆರ್ಸೆನಿಕ್ ಸಂಯುಕ್ತಗಳನ್ನು ಬಳಸುವುದನ್ನು ಭಾರತದ 2020ರ ನಿಯಮಗಳು ನಿಷೇಧಿಸಿವೆ. ತಯಾರಕರ ಹೆಸರು, ಪರವಾನಗಿ ಸಂಖ್ಯೆಗಳಿಲ್ಲದ ಜಾತ್ರೆಯ ಅಗ್ಗದ ಪೆನ್ಸಿಲನ್ನು ಕೊಳ್ಳದಿರುವುದು ಲೇಸು. ಬಣ್ಣದ ಕೋಣೆಯಲ್ಲಿ ಒಂದೇ ಪೆನ್ಸಿಲು ಎಲ್ಲರ ತುಟಿಗಳನ್ನೂ ಸುತ್ತುವುದೂ ಸರಿಯಲ್ಲ. ತುಟಿಯ ಮೇಲೆ ನೀರುಗುಳ್ಳೆಗಳನ್ನೆಬ್ಬಿಸುವ ಹರ್ಪಿಸ್ ವೈರಸ್ಸು ಸ್ಪರ್ಶದಿಂದ ಅಂಟುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಪೆನ್ಸಿಲು ದೊರೆಯದಿದ್ದಲ್ಲಿ, ಶುಚಿಯಾದ ಅಲಗಿನಿಂದ ಅದರ ಮೇಣವನ್ನು ತಟ್ಟೆಗೆ ಹೆರೆದುಕೊಂಡು, ಪ್ರತಿಯೊಬ್ಬರೂ ಬೇರೆ ಬೇರೆ ಕುಂಚದಿಂದ ಹಚ್ಚಿಕೊಳ್ಳಬಹುದು.