ನಾದದ ಸುಖ, ರಾಗದ ಸುಖ: ಹೈ-ಫೈ ಉಪಕರಣ ಕೊಡುವುದೇನು, ಕೊಡಲಾರದ್ದೇನು?

ಸಂಗೀತ ಕೇಳುವ ಉಪಕರಣ ಉತ್ತಮವಾದಷ್ಟೂ ಸಂಗೀತದ ಆನಂದ ಹೆಚ್ಚುತ್ತದೆಯೆ? ಹೈ-ಫೈ ಎಂದರೆ ಮೂಲಧ್ವನಿಗೆ ಆದಷ್ಟು ನಿಷ್ಠವಾದ ಮರುಧ್ವನಿ. ಈ ಹವ್ಯಾಸಕ್ಕೆ ಕೈಹಾಕಿದವರೆಲ್ಲ ಒಂದಲ್ಲ ಒಂದು ದಿನ ಎದುರಿಸುವ ಪ್ರಶ್ನೆ ಇದು. ಪರದೇಶದಲ್ಲಿರುವ ಕನ್ನಡಿಗರಿಗಂತೂ ಇದು ಹವ್ಯಾಸದಷ್ಟಕ್ಕೇ ನಿಲ್ಲುವುದಿಲ್ಲ. ಧಾರವಾಡದ ಬೈಠಕ್ಕಿಗೋ ಮೈಸೂರಿನ ಕಛೇರಿಗೋ ಬೇಕೆಂದಾಗ ಹೋಗಿ ಕೂರಲಾಗದ ನಮಗೆ ಸಂಗೀತವೆಂದರೆ ಬಹುಮಟ್ಟಿಗೆ ಧ್ವನಿಮುದ್ರಿತ ಸಂಗೀತವೇ. ನಮ್ಮ ಮಕ್ಕಳ ಪಾಲಿಗೆ ಯಾವ ಸಂಗೀತ ಉಳಿಯುತ್ತದೆ ಎಂಬುದು ನಾವು ಮನೆಯಲ್ಲಿ ಏನನ್ನು, ಹೇಗೆ ಕೇಳುತ್ತೇವೆ ಎಂಬುದನ್ನು ಅವಲಂಬಿಸಿದೆ.

ಈ ಪ್ರಶ್ನೆಗೆ ‘ಹೌದು’ ಎಂಬ ಉತ್ತರವೂ ‘ಇಲ್ಲ’ ಎಂಬ ಉತ್ತರವೂ ಸರಿಯೆನಿಸುವುದಕ್ಕೆ ಒಂದು ಕಾರಣವಿದೆ. ‘ಆನಂದ’ ಎಂಬ ಒಂದೇ ಮಾತಿನೊಳಗೆ ನಾವು ಎರಡು ಸುಖಗಳನ್ನು ಸೇರಿಸಿಬಿಡುತ್ತೇವೆ: ಒಂದು ನಾದದ ಸುಖ, ಇನ್ನೊಂದು ರಾಗದ ಸುಖ. ಯಂತ್ರಕ್ಕೂ ಇವೆರಡಕ್ಕೂ ಇರುವ ಸಂಬಂಧ ಒಂದೇ ಬಗೆಯದಲ್ಲ ಎಂಬುದನ್ನು ಈ ಲೇಖನದಲ್ಲಿ ವಿವರಿಸಲು ಪ್ರಯತ್ನಿಸುತ್ತೇನೆ.

ಅಡ್ಡಿಗಳು ಕಳೆದ ಬಗೆ

ನಾನಿರುವ ಓಕ್ಲ್ಯಾಂಡಿಗೂ ಧ್ವನಿವರ್ಧಕದ ಇತಿಹಾಸಕ್ಕೂ ಹತ್ತಿರದ ನಂಟಿದೆ. ಪೀಟರ್ ಜೆನ್ಸನ್ ಮತ್ತು ಎಡ್ವಿನ್ ಪ್ರಿಡಮ್ ಎಂಬ ತಂತ್ರಜ್ಞರು ಇಲ್ಲಿಂದ ಉತ್ತರಕ್ಕಿರುವ ನಾಪಾದಲ್ಲಿ ಧ್ವನಿವರ್ಧಕವೊಂದನ್ನು ರೂಪಿಸಿ, 1915ರ ಡಿಸೆಂಬರ್ 24ರಂದು ಸ್ಯಾನ್ ಫ್ರಾನ್ಸಿಸ್ಕೊ ನಗರಸಭಾ ಭವನದ ಮುಂದೆ ನೆರೆದ ಭಾರಿ ಜನಸ್ತೋಮಕ್ಕೆ ಸಂಗೀತವನ್ನೂ ಭಾಷಣವನ್ನೂ ಕೇಳಿಸಿದರು. ಅವರು ಕಟ್ಟಿದ ಮ್ಯಾಗ್ನವಾಕ್ಸ್ ಸಂಸ್ಥೆಯ ಕಾರ್ಖಾನೆ 1920ರ ದಶಕದಲ್ಲಿ ಓಕ್ಲ್ಯಾಂಡಿನಲ್ಲಿತ್ತು. ಲ್ಯಾಟಿನ್ ಮೂಲದ ಆ ಹೆಸರಿನ ಅರ್ಥ ‘ಮಹಾಧ್ವನಿ’. ನಮ್ಮ ಮೈಸೂರು ಸೀಮೆಯ ಟಿ. ಚೌಡಯ್ಯನವರಿಗೂ (1895–1967) ಎದುರಾದದ್ದು ಅದೇ ಸಮಸ್ಯೆ. ಸಭೆಯ ಹಿಂದಿನ ಸಾಲಿಗೆ ಪಿಟೀಲಿನ ನಾದ ತಲುಪದಿರುವುದನ್ನು ಕಂಡು ಅವರು ಪಿಟೀಲಿಗೆ ಏಳು ತಂತಿಗಳನ್ನು ಕಟ್ಟಿಕೊಂಡರು.

ಮುಂದಿನ ಅಡ್ಡಿ ಅವಧಿಯದು. 78 ವೇಗದ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಲ್ಲಿ ಮೂರು–ನಾಲ್ಕು ನಿಮಿಷಗಳಷ್ಟೇ ಹಿಡಿಯುತ್ತಿದ್ದವು. 1930ರ ದಶಕದಲ್ಲಿ ಮಲ್ಲಿಕಾರ್ಜುನ ಮನ್ಸೂರರೂ ಗಂಗೂಬಾಯಿ ಹಾನಗಲ್ಲರೂ ಎಚ್‌ಎಂವಿಗೆ ಹಾಡಿದ್ದು ಈ ಮಿತಿಯೊಳಗೆ. 1948ರಲ್ಲಿ ಎರಡು ಘಟನೆಗಳು ನಡೆದವು: ಈ ಕೊಲ್ಲಿಯ ಆಚೆ ದಡದ ಸ್ಯಾನ್ ಕಾರ್ಲೋಸಿನಲ್ಲಿ ಹುಟ್ಟಿದ ಆಂಪೆಕ್ಸ್ ಸಂಸ್ಥೆಯ ಟೇಪ್ ಯಂತ್ರ ಬಳಕೆಗೆ ಬಂತು, ಎಲ್‌ಪಿ ತಟ್ಟೆ ಮಾರುಕಟ್ಟೆಗೆ ಬಂತು. 1955ರಲ್ಲಿ ಅಲಿ ಅಕ್ಬರ್ ಖಾನರ ಸರೋದ್ ವಾದನದ ಎಲ್‌ಪಿ ಅಮೆರಿಕದಲ್ಲಿ ಮುದ್ರಣವಾದಾಗ ಮಗ್ಗುಲಿಗೊಂದು ರಾಗ ಸಾವಧಾನವಾಗಿ ಅರಳಲು ಸ್ಥಳ ದೊರೆಯಿತು. ಇಂಥ ಪ್ರತಿಯೊಂದು ಸುಧಾರಣೆಯೂ ಕೇಳುಗನಿಗೂ ಸಂಗೀತಕ್ಕೂ ನಡುವೆ ಇದ್ದ ನಿಜವಾದ ಅಡ್ಡಿಯೊಂದನ್ನು ತೆಗೆದುಹಾಕಿತು. ಅಲ್ಲಿಯ ತನಕ ‘ಯಂತ್ರ ಉತ್ತಮವಾದರೆ ಆನಂದ ಹೆಚ್ಚು’ ಎಂಬ ಮಾತು ನಿರ್ವಿವಾದ.

ಉಳಿಯುವುದು ಮತ್ತು ಕಳೆಯುವುದು

ಗಂಡು ದನಿಯ ಹಾಡುಗಾರರೊಬ್ಬರು ಹಾರ್ಮೋನಿಯಮ್ಮಿನ ಮೊದಲ ಕರಿಮನೆಯನ್ನು ಷಡ್ಜವಾಗಿ ಹಿಡಿದಿದ್ದಾರೆಂದುಕೊಳ್ಳಿ. ಆ ಸ್ವರ ಸೆಕೆಂಡಿಗೆ ಸುಮಾರು 139 ಕಂಪನಗಳದ್ದು. ತಂಬೂರಿಯ ಮಂದ್ರ ಷಡ್ಜದ ತಂತಿ ಅದರ ಅರ್ಧ, ಸುಮಾರು 69. ಮೊಬೈಲ್ ಫೋನಿನ ಪುಟ್ಟ ಸ್ಪೀಕರು ಇವೆರಡನ್ನೂ ಹೊರಡಿಸುವುದೇ ಇಲ್ಲವೆನ್ನಬಹುದು. ಆದರೂ ನಮಗೆ ಶ್ರುತಿ ತಪ್ಪುವುದಿಲ್ಲ. ಮೂಲಕಂಪನ ಕಾಣೆಯಾದರೂ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟಿರುವ ಉಪಸ್ವರಗಳ ನಡುವಣ ಅಂತರದಿಂದ ಮಿದುಳು ಮೂಲವನ್ನು ತಾನೇ ಊಹಿಸಿಕೊಳ್ಳುತ್ತದೆ. 1925ಕ್ಕೆ ಮೊದಲು ಮೈಕ್ರೊಫೋನಿಲ್ಲದೆ ಕೊಳವೆಗೆ ಹಾಡಿ ಮುದ್ರಿಸಿದ ತಟ್ಟೆಗಳಲ್ಲಿ ಸುಮಾರು 250ರಿಂದ 2,500 ಕಂಪನಗಳವರೆಗಿನ ಧ್ವನಿಯಷ್ಟೇ ಇದ್ದರೂ ಹಾಡು ಗುರುತಾಗುವುದು ಇದರಿಂದಲೇ. ಸ್ವರಗಳ ನಡೆ, ಗಮಕದ ಬಳುಕು, ಲಯದ ಬಿಗಿ, ಸಾಹಿತ್ಯದ ಉಚ್ಚಾರ ಇವೆಲ್ಲ ಇಕ್ಕಟ್ಟಾದ ದಾರಿಯಲ್ಲೂ ಪಾರಾಗಿ ಬರುತ್ತವೆ. ಒಟ್ಟಿನಲ್ಲಿ ರಾಗ ಉಳಿಯುತ್ತದೆ.

ಕಳೆದುಹೋಗುವುದು ನಾದ. ತಂಬೂರಿಯ ಜೀವಾಳಿಯಿಂದ ಏಳುವ ಝೇಂಕಾರ, ಮೃದಂಗದ ಎಡಮುಖದ ಗುಂಕಿ, ವೀಣೆಯ ಮೀಟು ಕರಗುತ್ತ ಹೋಗುವ ಕೊನೆಯ ಎಳೆ, ಹಾಡುಗಾರರ ಉಸಿರು ಇವೆಲ್ಲ ಅತಿ ಕೆಳಗಿನ, ಅತಿ ಮೇಲಿನ ಅಥವಾ ಅತಿ ಮೆಲ್ಲನೆಯ ಧ್ವನಿಗಳು. ಒಳ್ಳೆಯ ಸ್ಪೀಕರು ಇವನ್ನು ಮರಳಿ ಕೊಡುತ್ತದೆ. ಇದನ್ನು ಸಣ್ಣ ಸಂಗತಿಯೆಂದು ತಳ್ಳಿಹಾಕುವಂತಿಲ್ಲ. ಶ್ರುತಿಯೊಳಗೆ ಕುಳಿತಿದ್ದೇವೆ ಎಂಬ ನೆಮ್ಮದಿ ಹುಟ್ಟುವುದೇ ತಂಬೂರಿ ತುಂಬಿ ಕೇಳಿದಾಗ. ಲ್ಯಾಪ್‌ಟಾಪಿನಲ್ಲಷ್ಟೇ ಶಾಸ್ತ್ರೀಯ ಸಂಗೀತ ಕೇಳಿ ಬೆಳೆದ ಮಗುವಿಗೆ ಮೃದಂಗಕ್ಕೆ ಎರಡು ಮುಖಗಳಿವೆ ಎಂಬುದು ಕಣ್ಣಿಗೆ ಕಂಡೀತು, ಕಿವಿಗೆ ತಿಳಿಯದು.

ಏಣಿ ಮುಗಿಯುವ ಜಾಗ

ಆದರೆ ಈ ಲಾಭಕ್ಕೆ ಒಂದು ಎಲ್ಲೆಯಿದೆ. ಮನುಷ್ಯನ ಕಿವಿ ಕೇಳುವುದು ಹೆಚ್ಚೆಂದರೆ 20ರಿಂದ 20,000 ಕಂಪನಗಳನ್ನು. ವಯಸ್ಸಾದಂತೆ ಮೇಲಿನ ಎಲ್ಲೆ ಕುಗ್ಗುತ್ತ ಬರುತ್ತದೆ. ಸಾಮಾನ್ಯ ಸಿ.ಡಿ. ಈ ವ್ಯಾಪ್ತಿಯನ್ನು ಪೂರ್ತಿಯಾಗಿ ತುಂಬುತ್ತದೆ. ಅದಕ್ಕೂ ಸೂಕ್ಷ್ಮವಾದ ಮುದ್ರಣದಿಂದ ಕಿವಿಗೆ ವ್ಯತ್ಯಾಸ ತಿಳಿಯುತ್ತದೆಯೆ ಎಂದು ಬ್ರ್ಯಾಡ್ ಮೇಯರ್ ಮತ್ತು ಡೇವಿಡ್ ಮೊರಾನ್ ಪರೀಕ್ಷಿಸಿ 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ಯಾವುದು ಯಾವುದೆಂದು ತಿಳಿಸದೆ 554 ಬಾರಿ ಕೇಳಿಸಿದಾಗ ಸರಿಯುತ್ತರ ಬಂದದ್ದು 276 ಬಾರಿ. ನಾಣ್ಯ ಚಿಮ್ಮಿ ಹೇಳಿದ್ದರೂ ಅಷ್ಟೇ ಬರುತ್ತಿತ್ತು. 2016ರಲ್ಲಿ ಲಂಡನ್ನಿನ ಜೋಶುವಾ ರೀಸ್ ಇಂಥ 18 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಸರಿಯುತ್ತರದ ಪ್ರಮಾಣ ಶೇಕಡಾ 52.3ಕ್ಕೆ ಬಂತು, ತರಬೇತಿ ಪಡೆದವರಲ್ಲಿ ತುಸು ಹೆಚ್ಚು. ವ್ಯತ್ಯಾಸವಿದ್ದರೆ ಅದು ಅಷ್ಟು ತೆಳುವಾದದ್ದು.

ಸ್ಪೀಕರುಗಳ ನಡುವಿನ ವ್ಯತ್ಯಾಸವಾದರೋ ಸ್ಪಷ್ಟವಾಗಿಯೇ ಕೇಳುತ್ತದೆ. ಆದರೆ ಅಲ್ಲಿಯೂ ಕಣ್ಣು ನಡುವೆ ಬರುತ್ತದೆ. ಹರ್ಮನ್ ಸಂಸ್ಥೆಯ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ 1994ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತೆರೆಯ ಹಿಂದಿದ್ದಾಗ ಒಂದು ಬಗೆಯ ಅಂಕ ಪಡೆದ ಸ್ಪೀಕರುಗಳು ಕಣ್ಣಿಗೆ ಬಿದ್ದಾಗ ಬೇರೆಯೇ ಅಂಕ ಪಡೆದವು. ದೊಡ್ಡವು, ಅಂದವಾದವು ಮೇಲೇರಿದವು. ಬೆಲೆಯ ಪಟ್ಟಿ ಮುಂದಿಟ್ಟುಕೊಂಡು ಕೇಳುವಾಗ ಕಿವಿಯ ಸಾಕ್ಷಿಯನ್ನು ಪೂರ್ತಿ ನಂಬಲಾಗದು.

ಉಪಕರಣಕ್ಕಿಂತ ಕೋಣೆಯ ಪಾತ್ರ ದೊಡ್ಡದು. ನಮ್ಮ ಓಕ್ಲ್ಯಾಂಡ್ ಮನೆಯ ಹಜಾರ ಐದು ಮೀಟರು ಉದ್ದವಿದೆ. ಇಷ್ಟು ಉದ್ದದ ಕೋಣೆಯಲ್ಲಿ ಸುಮಾರು 34 ಕಂಪನಗಳ ಧ್ವನಿಯೂ ಅದರ ಇಮ್ಮಡಿಯಾದ 69ರದೂ ಎರಡು ಗೋಡೆಗಳ ನಡುವೆ ಹೋಗಿಬಂದು ನಿಂತ ಅಲೆಗಳಾಗುತ್ತವೆ. 69 ಎಂದರೆ ಮೇಲೆ ಹೇಳಿದ ಮಂದ್ರ ಷಡ್ಜವೇ. ಗೋಡೆಯಿಂದ ಒಂದೂಕಾಲು ಮೀಟರು ದೂರದಲ್ಲಿ ಕುರ್ಚಿ ಹಾಕಿ ಕುಳಿತರೆ ಆ ತಂತಿ ಬಹುಮಟ್ಟಿಗೆ ಅಡಗಿಹೋಗುತ್ತದೆ; ಕೋಣೆಯ ನಡುಮಧ್ಯೆ ಕುಳಿತರೆ ಮಿತಿಮೀರಿ ಮೊಳಗುತ್ತದೆ. ಕುರ್ಚಿಯನ್ನು ಅರ್ಧ ಮೀಟರು ಸರಿಸಿದರೆ, ನೆಲಕ್ಕೊಂದು ಜಮಖಾನೆ ಹಾಸಿದರೆ, ಸ್ಪೀಕರನ್ನು ಮೂಲೆಯಿಂದ ಈಚೆಗೆ ಎಳೆದರೆ ಆಗುವ ಬದಲಾವಣೆಯನ್ನು ಸಾವಿರ ಡಾಲರಿನ ತಂತಿ ಮಾಡಲಾರದು.

ಮೈಸೂರು ಅರಸರ ಉದಾಹರಣೆ

ಬೇಕಾದ ಉಪಕರಣವನ್ನೆಲ್ಲ ತರಿಸಿಕೊಳ್ಳಬಲ್ಲ ಕನ್ನಡ ನಾಡಿನ ಕೇಳುಗರೊಬ್ಬರಿದ್ದರು: ಜಯಚಾಮರಾಜೇಂದ್ರ ಒಡೆಯರು (1919–1974). ಲಂಡನ್ನಿನಲ್ಲಿ ಫಿಲ್‌ಹಾರ್ಮೋನಿಯಾ ವಾದ್ಯವೃಂದವನ್ನು 1945ರಲ್ಲಿ ಕಟ್ಟಿದ ವಾಲ್ಟರ್ ಲೆಗ್, ಮೈಸೂರಿಗೆ ಬಂದಾಗ ಅರಮನೆಯಲ್ಲಿ ಕಂಡ ಅಪಾರ ಮುದ್ರಿಕೆಗಳನ್ನೂ ನಾನಾ ಬಗೆಯ ಧ್ವನಿವರ್ಧಕಗಳನ್ನೂ ಕುರಿತು ಬೆರಗಿನಿಂದ ಬರೆದಿದ್ದಾರೆ. ಒಡೆಯರ ಸ್ಥಿತಿ ನಮ್ಮದಕ್ಕೆ ಕನ್ನಡಿಯ ಪ್ರತಿಬಿಂಬದಂತಿತ್ತು. ನಾವು ಇಲ್ಲಿ ಕುಳಿತು ಮೈಸೂರಿನ ಸಂಗೀತಕ್ಕೆ ಹಂಬಲಿಸುತ್ತೇವೆ. ಅವರು ಮೈಸೂರಿನಲ್ಲಿ ಕುಳಿತು ಯುರೋಪಿನ ಸಂಗೀತಕ್ಕೆ ಹಂಬಲಿಸಿದರು. ಲಂಡನ್ನಿನಲ್ಲಿ ಮರೆತುಹೋಗುತ್ತಿದ್ದ ರಷ್ಯನ್ ಸಂಗೀತಕಾರ ನಿಕೊಲಾಯ್ ಮೆಟ್ನರ್ ತಮ್ಮ ಕೃತಿಗಳನ್ನು ತಾವೇ ನುಡಿಸಿ ಮುದ್ರಿಸುವಂತಾದದ್ದು ಒಡೆಯರ ನೆರವಿನಿಂದ. ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕಾನ್ಸರ್ಟೊವನ್ನು ಅವರಿಗೆ ಅರ್ಪಿಸಿದ್ದಾರೆ.

1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ, ಹಿಂದಿನ ವರ್ಷವಷ್ಟೇ ತೀರಿಕೊಂಡಿದ್ದ ರಿಚರ್ಡ್ ಸ್ಟ್ರಾಸರ ‘ಕೊನೆಯ ನಾಲ್ಕು ಗೀತೆಗಳು’ ಮೊತ್ತಮೊದಲ ಬಾರಿಗೆ ಕೇಳಿಬಂದವು. ಹಾಡಿದವರು ಕರ್ಸ್ಟನ್ ಫ್ಲಾಗ್‌ಸ್ಟಾಡ್. ವಾದ್ಯವೃಂದವನ್ನು ನಡೆಸಿದವರು ವಿಲ್ಹೆಲ್ಮ್ ಫುರ್ಟ್‌ವೆಂಗ್ಲರ್. ಆ ಕಛೇರಿಗೆ 4,800 ಡಾಲರುಗಳ ಖಾತರಿ ಕೊಟ್ಟವರು ಒಡೆಯರು. ಅಲ್ಲಿಗೆ ಹೋಗಲಾಗದಿದ್ದ ಅವರಿಗಾಗಿ ಕಛೇರಿಯನ್ನು ಮುದ್ರಿಸಿ ಮೈಸೂರಿಗೆ ಕಳುಹಿಸುವ ಏರ್ಪಾಡಾಗಿತ್ತು. ಅಸಿಟೇಟ್ ತಟ್ಟೆಗಳ ಮೇಲಾದ ಆ ಮುದ್ರಣ ಸವೆದು, ಕರಕರ ಸದ್ದಿನಿಂದ ತುಂಬಿಹೋಯಿತು. ಅದೇ ಗೀತೆಗಳು ಅನಂತರ ಎಷ್ಟೋ ಪಾಲು ನಿರ್ಮಲವಾಗಿ ಮುದ್ರಣಗೊಂಡಿವೆ. ಆದರೂ ರಸಿಕರು ಆ ಸವೆದ ಮುದ್ರಣವನ್ನು ಬಿಟ್ಟುಕೊಟ್ಟಿಲ್ಲ; ಈ ಶತಮಾನದಲ್ಲಿಯೂ ಅದನ್ನು ಮತ್ತೆ ಶುದ್ಧಿಮಾಡಿ ಪ್ರಕಟಿಸಿದ್ದಾರೆ. ಅದರಲ್ಲಿ ನಾದ ಬಹಳಷ್ಟು ನಷ್ಟವಾಗಿದೆ, ಹಾಡು ಉಳಿದಿದೆ.

ಒಡೆಯರ ಜೀವನದಲ್ಲಿ ಇನ್ನೊಂದು ಮುಖವಿದೆ. ಅವರು ವೆಂಕಟಗಿರಿಯಪ್ಪನವರಲ್ಲಿ ವೀಣೆ ಕಲಿತರು, ಮೈಸೂರು ವಾಸುದೇವಾಚಾರ್ಯರ ಮಾರ್ಗದರ್ಶನ ಪಡೆದರು, ಕರ್ನಾಟಕ ಶೈಲಿಯಲ್ಲಿ 94 ಕೃತಿಗಳನ್ನು ರಚಿಸಿದರು. ಧ್ವನಿವರ್ಧಕಗಳು ಅವರಿಗೆ ದೂರದ ಸಂಗೀತವನ್ನು ತಂದುಕೊಟ್ಟವು. ಕೃತಿ ಕಟ್ಟುವಷ್ಟು ಸಂಗೀತ ಒಳಗಿಳಿದದ್ದು ಗುರುಮುಖದಿಂದ, ಅಭ್ಯಾಸದಿಂದ.

ಹಾಗಾದರೆ ಏನು ಮಾಡಬೇಕು?

ಸಾಧಾರಣ ಬೆಲೆಯ ಒಂದು ಜೊತೆ ಒಳ್ಳೆಯ ಸ್ಪೀಕರು ಕೊಳ್ಳಿ, ಕೋಣೆಯನ್ನು ಸರಿಪಡಿಸಿಕೊಳ್ಳಿ ಎಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ. ಅಲ್ಲಿಯ ತನಕ ಪ್ರತಿ ಡಾಲರೂ ನಾದದ ಸುಖವಾಗಿ ಮರಳಿ ಬರುತ್ತದೆ. ಅದರಾಚೆಗೆ ಏರುವುದು ಉಪಕರಣ ಹೊಂದಿರುವ ಸುಖವೇ ಹೆಚ್ಚು. ಅದೂ ಸುಖವೇ, ಆದರೆ ಸಂಗೀತದ್ದಲ್ಲ. ನಿಮ್ಮದು ಯಾವುದೆಂದು ತಿಳಿಯಲು ಸುಲಭದ ಒರೆಗಲ್ಲೊಂದಿದೆ. ಹೊಸ ಉಪಕರಣ ಬಂದ ಮೇಲೆ ನೀವು ಹಿಂದೆಂದೂ ಕೇಳದ ಹಾಡುಗಾರರನ್ನು ಕೇಳಿದಿರೋ, ಅಥವಾ ಪರೀಕ್ಷೆಗೆಂದು ಇಟ್ಟುಕೊಂಡ ಅವೇ ನಾಲ್ಕು ಮುದ್ರಿಕೆಗಳನ್ನು ಮತ್ತೆ ಹಾಕಿದಿರೋ?

ಯಂತ್ರದ ಬೆನ್ನು ಹತ್ತುವುದರಲ್ಲಿ ಒಂದು ಅಪಾಯವೂ ಇದೆ. ನಿರ್ಮಲ ಧ್ವನಿಗಷ್ಟೇ ಒಗ್ಗಿದ ಕಿವಿ ಸದ್ದನ್ನು ಕ್ಷಮಿಸಲಾರದಾಗುತ್ತದೆ. ಆಗ ಮನ್ಸೂರರ ಎಳೆಯ ದನಿಯ ತಟ್ಟೆಗಳೂ, ನಮ್ಮ ಹಿರಿಯರು ಊರಿನ ರಾಮನವಮಿ ಪೆಂಡಾಲಿನಲ್ಲಿ ಕ್ಯಾಸೆಟ್ಟಿಗೆ ಹಿಡಿದಿಟ್ಟ ಕಛೇರಿಗಳೂ ‘ಕೇಳಲಾಗದವು’ ಎಂಬ ಪಟ್ಟಿಗೆ ಸೇರಿಹೋಗುತ್ತವೆ. ನಮ್ಮ ಸಂಗೀತದ ಬಹುಭಾಗ ಉಳಿದಿರುವುದು ಇಂಥ ದೋಷಪೂರ್ಣ ಮುದ್ರಣಗಳಲ್ಲಿಯೇ.

ಕ್ಯಾಸೆಟ್ಟಿನ ಕಾಂತಪಟ್ಟಿ ವರ್ಷದಿಂದ ವರ್ಷಕ್ಕೆ ಸವೆಯುತ್ತದೆ. ಅದನ್ನು ನುಡಿಸುವ ಯಂತ್ರಗಳೂ ವಿರಳವಾಗುತ್ತಿವೆ. ಮುಂದಿನ ಆಂಪ್ಲಿಫೈಯರಿಗೆಂದು ತೆಗೆದಿಟ್ಟ ಹಣವಿದ್ದರೆ ಅದರಲ್ಲೊಂದು ಪಾಲನ್ನು ಮನೆಯ ಪೆಟ್ಟಿಗೆಯಲ್ಲಿರುವ ಕ್ಯಾಸೆಟ್ಟುಗಳನ್ನು ಡಿಜಿಟಲ್ ರೂಪಕ್ಕೆ ಇಳಿಸಲು ಬಳಸಿ. ಯಾರು ಹಾಡಿದರು, ಎಲ್ಲಿ, ಯಾವ ವರ್ಷ, ಪಕ್ಕವಾದ್ಯ ಯಾರದು ಎಂಬುದನ್ನು ಬಲ್ಲವರು ಇರುವಾಗಲೇ ಕೇಳಿ ಬರೆದಿಡಿ. ಮಿಕ್ಕದ್ದನ್ನು ಮಕ್ಕಳ ಪಾಠಕ್ಕೋ ನಿಮ್ಮದೇ ಪಾಠಕ್ಕೋ ಕೊಡಿ. ರಾಗವನ್ನು ಗುರುತಿಸಬಲ್ಲ ಕಿವಿಗೆ ಸಾಧಾರಣ ಸ್ಪೀಕರಿನಲ್ಲೂ ಕೇಳುವುದು ಬಹಳವಿರುತ್ತದೆ.