ಮೀನುಗಳ ಯಕೃತ್ತಿನ ಸೂಕ್ಷ್ಮ ರಚನೆ: ವಿವಿಧ ಜಾತಿಗಳ ಹೋಲಿಕೆ

ಪೀಠಿಕೆ

ಮೀನಿನ ದೇಹದಲ್ಲಿ ಯಕೃತ್ತು (ಪಿತ್ತಜನಕಾಂಗ) ಒಂದು ಪ್ರಮುಖ ಅಂಗವಾಗಿದೆ. ಪಿತ್ತರಸದ ಉತ್ಪಾದನೆ, ಆಹಾರಾಂಶಗಳ ಸಂಗ್ರಹ ಮತ್ತು ವಿಷಪದಾರ್ಥಗಳ ನಿವಾರಣೆ ಇದರ ಮುಖ್ಯ ಕಾರ್ಯಗಳು. ಕೊಳದ ನೀರು ಕಲುಷಿತಗೊಂಡಾಗ ಅಥವಾ ಕೆಟ್ಟ ಆಹಾರ ನೀಡಿದಾಗ ಅದರ ಪರಿಣಾಮವು ಯಕೃತ್ತಿನಲ್ಲಿ ಕಂಡುಬರುವುದರಿಂದ, ರೋಗ ಪತ್ತೆಯಲ್ಲಿ ಇದರ ಪರೀಕ್ಷೆಗೆ ಮಹತ್ವವಿದೆ. ಆದರೆ ಒಂದು ಜಾತಿಯಲ್ಲಿ ಸಹಜವಾಗಿರುವ ರಚನೆಯು ಮತ್ತೊಂದು ಜಾತಿಯಲ್ಲಿ ರೋಗದ ಲಕ್ಷಣವಾಗಿರಬಹುದು. ಆದುದರಿಂದ ಆಯಾ ಜಾತಿಯ ಸಹಜ ರಚನೆಯನ್ನು ಅರಿಯದೆ ರೋಗ ನಿರ್ಣಯ ಸಾಧ್ಯವಿಲ್ಲ.

ಸಾಮಾನ್ಯ ರಚನೆ

ಮೂಳೆಮೀನುಗಳ ಯಕೃತ್ತಿನ ಜೀವಕೋಶಗಳು ಬಹುಭುಜಾಕೃತಿಯಲ್ಲಿದ್ದು, ದುಂಡನೆಯ ಕೋಶಕೇಂದ್ರವನ್ನು ಹೊಂದಿರುತ್ತವೆ. ಇವು ಸಾಲುಗಳಾಗಿ ಜೋಡಣೆಗೊಂಡಿದ್ದು, ಸಾಲುಗಳ ನಡುವೆ ರಕ್ತ ಹರಿಯುವ ಸೂಕ್ಷ್ಮ ನಾಳಗಳಿರುತ್ತವೆ. ಹಂದಿಯ ಯಕೃತ್ತಿನಲ್ಲಿ ಕಾಣುವಂತಹ ಸ್ಪಷ್ಟ ಗಡಿಯುಳ್ಳ ವಿಭಾಗಗಳು ಮೀನಿನಲ್ಲಿ ಕಾಣುವುದಿಲ್ಲ.

ಜಾತಿವಾರು ವ್ಯತ್ಯಾಸಗಳು

1. ಗೆಂಡೆ ಜಾತಿಯ ಮೀನುಗಳು: ಸಾಮಾನ್ಯ ಗೆಂಡೆ, ರೋಹು ಮುಂತಾದವುಗಳಲ್ಲಿ ಮೇದೋಜೀರಕ ಗ್ರಂಥಿಯ ಅಂಗಾಂಶವು ಯಕೃತ್ತಿನ ಒಳಗೇ ರಕ್ತನಾಳಗಳ ಸುತ್ತ ಹರಡಿಕೊಂಡಿರುತ್ತದೆ. ಗಾಢ ಬಣ್ಣದ ಈ ಕೋಶಗಳ ಗುಂಪನ್ನು ಗಡ್ಡೆಯೆಂದು ಭಾವಿಸಬಾರದು.

2. ತಿಲಾಪಿಯಾ: ಇದರಲ್ಲಿಯೂ ಮೇದೋಜೀರಕ ಅಂಗಾಂಶವು ಯಕೃತ್ತಿನೊಳಗೆ ಕಂಡುಬರುತ್ತದೆ. ಸಾಕಣೆಯ ಮೀನುಗಳಲ್ಲಿ ಕೊಬ್ಬು ಅಥವಾ ಗ್ಲೈಕೋಜನ್ ಸಂಗ್ರಹದಿಂದ ಕೋಶಗಳು ಪೊಳ್ಳಾಗಿ ಕಾಣುವುದು ಸಾಮಾನ್ಯ.

3. ರೇನ್‌ಬೋ ಟ್ರೌಟ್: ಕಾಶ್ಮೀರ ಹಾಗೂ ಹಿಮಾಚಲ ಪ್ರದೇಶದ ತಣ್ಣೀರಿನಲ್ಲಿ ಸಾಕಲಾಗುವ ಈ ಮೀನಿನಲ್ಲಿ ಮೇದೋಜೀರಕ ಅಂಗಾಂಶವು ಯಕೃತ್ತಿನ ಹೊರಗೆ, ಕರುಳಿನ ಸುತ್ತಲಿನ ಕೊಬ್ಬಿನಲ್ಲಿ ಚದುರಿರುತ್ತದೆ.

4. ಶಾರ್ಕ್: ಗಾಳಿಚೀಲವಿಲ್ಲದ ಈ ಮೀನುಗಳಿಗೆ ಯಕೃತ್ತಿನ ಎಣ್ಣೆಯು ನೀರಿನಲ್ಲಿ ತೇಲಲು ನೆರವಾಗುತ್ತದೆ. ಆದ್ದರಿಂದ ಕೋಶಗಳು ಎಣ್ಣೆಯ ಹನಿಗಳಿಂದ ತುಂಬಿರುವುದು ಇಲ್ಲಿ ಸಹಜ. ಇಷ್ಟೇ ಕೊಬ್ಬು ಕೊಳದ ಗೆಂಡೆಯಲ್ಲಿ ಕಂಡುಬಂದರೆ ಆಹಾರದ ಪ್ರಮಾಣ ಮತ್ತು ಗುಣಮಟ್ಟವನ್ನು ಪರಿಶೀಲಿಸಬೇಕಾಗುತ್ತದೆ. ಕರಾವಳಿಯ ಬೂತಾಯಿ ಮತ್ತು ಬಂಗುಡೆ ಮೀನುಗಳು ಕೊಬ್ಬನ್ನು ಬಹುತೇಕ ಮಾಂಸದಲ್ಲಿಯೇ ಸಂಗ್ರಹಿಸುತ್ತವೆ.

ಹೋಲಿಸುವಾಗ ಗಮನಿಸಬೇಕಾದ ಅಂಶಗಳು

ಒಂದೇ ಜಾತಿಯಲ್ಲಿಯೂ ಲಿಂಗ, ವಯಸ್ಸು ಹಾಗೂ ಋತುವಿಗನುಗುಣವಾಗಿ ವ್ಯತ್ಯಾಸಗಳಿರುತ್ತವೆ. ಮೊಟ್ಟೆ ಬಲಿಯುವ ಕಾಲದಲ್ಲಿ ಹೆಣ್ಣು ಮೀನಿನ ಯಕೃತ್ತು ಮೊಟ್ಟೆಯ ಭಂಡಾರಕ್ಕೆ ಬೇಕಾದ ಪ್ರೋಟೀನನ್ನು ತಯಾರಿಸುವುದರಿಂದ ಅದರ ಕೋಶಗಳು ಹಿಗ್ಗುತ್ತವೆ. ಉಪವಾಸದಲ್ಲಿ ಕೋಶಗಳು ಕುಗ್ಗುತ್ತವೆ. ಕಂದು ವರ್ಣದ್ರವ್ಯವುಳ್ಳ ರಕ್ಷಕ ಕೋಶಗಳ ಗುಂಪುಗಳು ಮಾಲಿನ್ಯದಿಂದ ಮಾತ್ರವಲ್ಲದೆ, ವಯಸ್ಸು ಹಾಗೂ ಉಪವಾಸದಿಂದಲೂ ಹೆಚ್ಚುತ್ತವೆ. ಆದುದರಿಂದ ರೋಗಪೀಡಿತ ಮೀನನ್ನು ಅದೇ ಜಾತಿಯ, ಅದೇ ಗಾತ್ರದ ಆರೋಗ್ಯವಂತ ಮೀನಿನೊಂದಿಗೆ ಹೋಲಿಸತಕ್ಕದ್ದು.

ಮಾದರಿ ಸಂಗ್ರಹಣೆ

ಮೀನು ಸತ್ತ ಕೂಡಲೇ ಯಕೃತ್ತು ಕೊಳೆಯಲಾರಂಭಿಸುತ್ತದೆ. ಗೆಂಡೆಯಲ್ಲಿ ಜೀರ್ಣರಸ ಉತ್ಪಾದಿಸುವ ಅಂಗಾಂಶವು ಯಕೃತ್ತಿನೊಳಗೇ ಇರುವುದರಿಂದ ಇದು ಇನ್ನೂ ಶೀಘ್ರ. ಹೀಗಾಗಿ ಕೊಳದಲ್ಲಿ ಸತ್ತು ತೇಲಿದ ಅಥವಾ ಮಂಜುಗಡ್ಡೆಯಲ್ಲಿಟ್ಟು ತಂದ ಮೀನು ಈ ಪರೀಕ್ಷೆಗೆ ಉಪಯುಕ್ತವಲ್ಲ. ಯಕೃತ್ತಿನ ಸಣ್ಣ ತುಂಡುಗಳನ್ನು ತಕ್ಷಣ ಶೇ. 10ರ ತಟಸ್ಥ ಫಾರ್ಮಲಿನ್ ದ್ರಾವಣದಲ್ಲಿಡಬೇಕು. ಪ್ರಯೋಗಾಲಯದಲ್ಲಿ ಅವುಗಳನ್ನು ಮೇಣದಲ್ಲಿ ಹುದುಗಿಸಿ, ಸುಮಾರು 5 ಮೈಕ್ರಾನ್ ದಪ್ಪದ ಪದರಗಳಾಗಿ ಕತ್ತರಿಸಿ, ಬಣ್ಣ ಹಾಕಿ ಪರೀಕ್ಷಿಸಲಾಗುತ್ತದೆ. ಈ ವಿಧಾನದಲ್ಲಿ ಕೊಬ್ಬು ಕರಗಿಹೋಗಿ ಖಾಲಿ ಜಾಗವಷ್ಟೇ ಉಳಿಯುವುದರಿಂದ, ಕೊಬ್ಬನ್ನು ಖಚಿತಪಡಿಸಿಕೊಳ್ಳಲು ಹೆಪ್ಪುಗಟ್ಟಿಸಿದ ಪದರಗಳು ಬೇಕಾಗುತ್ತವೆ.

ರೈತರ ಗಮನಕ್ಕೆ

ಕೊಳದಲ್ಲಿ ಮೀನುಗಳು ಮಂಕಾಗಿ ಈಜುತ್ತಿದ್ದಲ್ಲಿ, ಅವು ಸಾಯುವವರೆಗೆ ಕಾಯದೆ ಸಮೀಪದ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯನ್ನು ಸಂಪರ್ಕಿಸುವುದು. ಪರೀಕ್ಷೆಗಾಗಿ ಜೀವಂತವಿರುವ ರೋಗಪೀಡಿತ ಮೀನುಗಳೊಂದಿಗೆ ಅದೇ ಕೊಳದ ಒಂದೆರಡು ಆರೋಗ್ಯವಂತ ಮೀನುಗಳನ್ನೂ ಒದಗಿಸುವುದು. ಮೀನಿನ ಜಾತಿ, ವಯಸ್ಸು, ನೀಡುತ್ತಿರುವ ಆಹಾರ ಹಾಗೂ ಬಳಸಿದ ಔಷಧಿಗಳ ವಿವರವನ್ನು ಬರೆದುಕೊಡುವುದು. ಇದರಿಂದ ತಪ್ಪು ರೋಗ ನಿರ್ಣಯವನ್ನೂ ಅನಗತ್ಯ ಔಷಧಿಯ ವೆಚ್ಚವನ್ನೂ ತಪ್ಪಿಸಬಹುದಾಗಿದೆ.