ಲೆಕ್ಕದಲ್ಲಿ ಗೃಹಿಣಿ, ದುಡಿಮೆಯಲ್ಲಿ ರೈತ ಮಹಿಳೆ: ಆತ್ಮಹತ್ಯೆಯ ಅಂಕಿಗಳು ಹೇಳುವುದೇನು?



ಆತ್ಮಹತ್ಯೆ ಎಂದ ಕೂಡಲೇ ನಮಗೆ ನೆನಪಾಗುವುದು ಸಾಲದಲ್ಲಿ ಮುಳುಗಿದ ರೈತ, ಬತ್ತಿದ ಬೋರ್‌ವೆಲ್, ಬೆಲೆ ಬಿದ್ದ ಈರುಳ್ಳಿ. ಅದು ನಿಜವೇ. ಆದರೆ ಹೆಣ್ಣುಮಕ್ಕಳ ವಿಷಯದಲ್ಲಿ ಲೆಕ್ಕವೂ ಬೇರೆ, ಕಾರಣಗಳೂ ಬೇರೆ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪೊಲೀಸ್ ದಾಖಲೆಗಳಿಂದ ಈ ಅಂಕಿಗಳನ್ನು ಪ್ರಕಟಿಸುತ್ತದೆ. 2022ರಲ್ಲಿ ದೇಶದಲ್ಲಿ 1,70,924 ಜನ ಆತ್ಮಹತ್ಯೆ ಮಾಡಿಕೊಂಡರು. ನೂರರಲ್ಲಿ ಸುಮಾರು 72 ಗಂಡಸರು, 28 ಹೆಂಗಸರು. ಒಂದು ಲಕ್ಷ ಜನರಿಗೆ ದೇಶದ ಸರಾಸರಿ 12.4. ನಮ್ಮ ಕರ್ನಾಟಕದಲ್ಲಿ ಅದು 20 ದಾಟಿದೆ. ಬಿಹಾರದಲ್ಲಿ 1ಕ್ಕಿಂತ ಕಡಿಮೆ. ಅಲ್ಲಿ ಕಷ್ಟವಿಲ್ಲವೆಂದು ಇದರ ಅರ್ಥವಲ್ಲ. ಪೊಲೀಸರಿಗೆ ತಿಳಿಸದ ಸಾವುಗಳು ಲೆಕ್ಕಕ್ಕೆ ಬರುವುದಿಲ್ಲ. ಆದರೂ ದಕ್ಷಿಣದ ರಾಜ್ಯಗಳಲ್ಲಿ ಪ್ರಮಾಣ ಹೆಚ್ಚೆಂದು ಮನೆಮನೆ ಸಮೀಕ್ಷೆಗಳೂ ತೋರಿಸಿವೆ.

ಈಗ ಹೆಂಗಸರ ಲೆಕ್ಕ ನೋಡೋಣ. ಅದೇ ವರ್ಷ ಸತ್ತ 48,172 ಮಹಿಳೆಯರಲ್ಲಿ 25,309 ಮಂದಿ, ಅಂದರೆ ಅರ್ಧಕ್ಕಿಂತ ಹೆಚ್ಚು, 'ಗೃಹಿಣಿ' ಎಂದು ದಾಖಲಾದವರು. 'ರೈತರು' ಎಂದು ದಾಖಲಾದ 5,207 ಜನರಲ್ಲಿ ಹೆಂಗಸರು ಕೇವಲ 208. ಮದಕರಿಪುರವಾಗಲಿ, ಹೊಸದುರ್ಗ, ಹೊಳಲ್ಕೆರೆ, ಹಿರಿಯೂರಿನ ಹಳ್ಳಿಗಳಾಗಲಿ, ಮೇವು ಕೊಯ್ದು, ಹಾಲು ಕರೆದು, ಕಳೆ ಕಿತ್ತು ದುಡಿಯುವವರಲ್ಲಿ ಹೆಂಗಸರೆಷ್ಟು ಎಂದು ನಿಮಗೇ ಗೊತ್ತು. ಪಹಣಿ ಗಂಡನ ಅಥವಾ ಮಾವನ ಹೆಸರಿನಲ್ಲಿದ್ದರೆ ಹೊಲದಲ್ಲಿ ದುಡಿದವಳೂ ದಾಖಲೆಯಲ್ಲಿ ಗೃಹಿಣಿಯಾಗುತ್ತಾಳೆ. ಅವಳ ದುಡಿಮೆ ಕಾಣದಿದ್ದರೆ ಅವಳ ಸಂಕಟವೂ ಕಾಣುವುದಿಲ್ಲ.

ಈ ಅಂಕಿಗಳು ಹಣೆಬರಹವಲ್ಲ, ಕಾಲಕ್ಕೆ ತಕ್ಕಂತೆ ಬದಲಾಗುತ್ತವೆ. 2018ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, 1990ರಿಂದ 2016ರೊಳಗೆ ಭಾರತದ ಮಹಿಳೆಯರಲ್ಲಿ ಆತ್ಮಹತ್ಯೆಯ ಪ್ರಮಾಣ ಕಾಲುಭಾಗಕ್ಕಿಂತ ಹೆಚ್ಚು ಇಳಿಯಿತು. ಗಂಡಸರಲ್ಲಿ ಅಂಥ ಇಳಿಕೆ ಕಾಣಲಿಲ್ಲ. ಆದರೆ ಬೇರೆ ದೇಶಗಳಲ್ಲಿ ಇನ್ನೂ ವೇಗವಾಗಿ ಇಳಿದಿದ್ದರಿಂದ, 2016ರಲ್ಲಿ ಜಗತ್ತಿನಲ್ಲಿ ಆತ್ಮಹತ್ಯೆಯಿಂದ ಸತ್ತ ಪ್ರತಿ ನೂರು ಮಹಿಳೆಯರಲ್ಲಿ ಸುಮಾರು 37 ಮಂದಿ ಭಾರತದವರೇ. ಚಿಕ್ಕ ವಯಸ್ಸಿನ ಮದುವೆ, ಮನೆಯೊಳಗಿನ ಹೊಡೆತ, ಕೈಯಲ್ಲಿ ಸ್ವಂತ ಕಾಸಿಲ್ಲದಿರುವುದು ಇದಕ್ಕೆ ಕಾರಣವಾಗಬಹುದೆಂದು ಸಂಶೋಧಕರು ಹೇಳುತ್ತಾರೆ.

ಪಕ್ಕದ ಶ್ರೀಲಂಕಾದ ಅನುಭವ ಕಲಿಯುವಂಥದ್ದು. 1995ರ ನಂತರ ಅಲ್ಲಿ ಹೆಚ್ಚು ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದರು. ಆತ್ಮಹತ್ಯೆಯ ಪ್ರಮಾಣ ಕ್ರಮೇಣ ಮೂರನೇ ಒಂದು ಭಾಗಕ್ಕೆ ಇಳಿಯಿತು. ಸಾಯಬೇಕೆನ್ನುವ ಆವೇಗ ಎಷ್ಟೋ ಸಲ ಸ್ವಲ್ಪ ಹೊತ್ತಿನದು. ಆ ಹೊತ್ತು ಕಳೆದರೆ ಜೀವ ಉಳಿಯುತ್ತದೆ.

ಹಾಗಾದರೆ ನಾವೇನು ಮಾಡಬಹುದು?

• ಔಷಧಿ ಡಬ್ಬಗಳನ್ನು ಮನೆಯೊಳಗೆ, ಕೊಟ್ಟಿಗೆಯಲ್ಲಿ ಇಡಬೇಡಿ. ಬೇಕಾದಷ್ಟೇ ತನ್ನಿ, ಉಳಿದದ್ದನ್ನು ಬೀಗ ಹಾಕಿಡಿ.

• ದಿನಾ ಡೇರಿಗೆ ಬರುವವಳು ಮಂಕಾಗಿದ್ದರೆ, 'ನಾನು ಇದ್ದೇನು ಪ್ರಯೋಜನ' ಎಂದರೆ, ಬದಿಗೆ ಕರೆದು ಕೇಳಿ: "ಸಾಯೋ ಯೋಚನೆ ಬರ್ತಿದೆಯೇನಮ್ಮ?" ಕೇಳಿದರೆ ಆ ಯೋಚನೆ ಹುಟ್ಟುವುದಿಲ್ಲ, ಮನಸ್ಸು ಹಗುರಾಗುತ್ತದೆ. ಬುದ್ಧಿ ಹೇಳುವ ಮೊದಲು ಅವಳ ಮಾತು ಕೇಳಿ. ಒಂಟಿಯಾಗಿ ಬಿಡಬೇಡಿ.

• ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಉಚಿತ, 24 ಗಂಟೆಯೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.

• ಯಾರಾದರೂ ಪ್ರಯತ್ನಿಸಿದ್ದರೆ ಕೇಸಿಗೆ ಹೆದರಿ ತಡಮಾಡದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸೇರಿಸಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಅವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಬೇಕು. ಅವರಿಗೆ ಬೇಕಾದದ್ದು ಚಿಕಿತ್ಸೆ, ಶಿಕ್ಷೆಯಲ್ಲ.

• ಸಂಘದ ಸದಸ್ಯತ್ವ, ಹಾಲಿನ ಬಟವಾಡೆಯ ಬ್ಯಾಂಕ್ ಖಾತೆ ನಿಮ್ಮ ಹೆಸರಿನಲ್ಲೇ ಇರಲಿ. ಕೈಗೆ ಬಂದ ಕಾಸು ಕಷ್ಟಕಾಲಕ್ಕೆ ಆಸರೆ. ಹಾಲು ಹಾಕುವವಳು ಯಾರೆಂದು ಅಲ್ಲಾದರೂ ದಾಖಲಾಗುತ್ತದೆ.